ರಿಂಜಾನಿಯ ಸಡಿಲ ಚರಳು, ನಮ್ಮೂರ ಕಲ್ಲುಕೋರೆಯ ರಾಶಿ

ಈ ಸಲ ನಾನು ಕರೆದುಕೊಂಡು ಹೋದ ಐದು ಮಂದಿಯಲ್ಲಿ ನಾಲ್ವರು ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಅಗ್ನಿಪರ್ವತ ರಿಂಜಾನಿಯ ತುದಿ ಮುಟ್ಟಿದರು. ಐವರೂ ಕಾಸರಗೋಡಿನ ನಮ್ಮೂರ ಕಡೆಯ ಪೊಸಡಿಗುಂಪೆಯನ್ನು ಬಿಟ್ಟರೆ ಬೇರೆ ಗುಡ್ಡ ಹತ್ತಿ ಗೊತ್ತಿದ್ದವರಲ್ಲ. ಮಂಗಳೂರಿನ ಚಾರಣದ ಗೆಳೆಯರು, "ಬದಿಯಡ್ಕದಲ್ಲಿ ಕೂತು ಅಗ್ನಿಪರ್ವತಕ್ಕೆ ತಯಾರಿ ಮಾಡುವುದುಂಟಾ ಮಾರಾಯ? ಕುದುರೆಮುಖಕ್ಕಾದರೂ ಎರಡು ಸಲ ಹೋಗಿ ಬನ್ನಿ" ಎಂದಿದ್ದರು. ಹಿಂದಿನ ಎರಡು ತಂಡಗಳನ್ನು ನಾನು ಕುದುರೆಮುಖಕ್ಕೂ ಕರೆದುಕೊಂಡು ಹೋಗಿದ್ದೆ. ಅದರಿಂದ ಏನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ.

2017ರಲ್ಲಿ ನಾನೊಬ್ಬನೇ ಹೋಗಿ ತುದಿ ನೋಡಿ ಬಂದವನು. ಆವತ್ತಿನಿಂದ ಆ ಬೆಟ್ಟದ ಹುಚ್ಚು. ನಮ್ಮವರಿಗೂ ತೋರಿಸಬೇಕೆಂದು 2022ರಲ್ಲಿ ನಾಲ್ವರನ್ನು ಕರೆದುಕೊಂಡು ಹೋದೆ, ಒಬ್ಬ ಮಾತ್ರ ಮೇಲೆ ಬಂದ. 2023ರಲ್ಲಿ ಮೂವರು ಬಂದರು, ಮೂವರೂ ತುದಿಗೆ ಸುಮಾರು 250 ಮೀಟರ್ ಇರುವಾಗ ಕೂತುಬಿಟ್ಟರು. ಎಲ್ಲರೂ ಗಟ್ಟಿಮುಟ್ಟಾದವರು. ಒಬ್ಬನಂತೂ ದಿನಾ ಜಿಮ್ಮಿಗೆ ಹೋಗುವವನು. ತಲಾ ಎಪ್ಪತ್ತು ಸಾವಿರದ ಮೇಲೆ ಖರ್ಚು ಮಾಡಿ ಅಳುತ್ತಾ ಇಳಿದವರ ಮುಖ ನನಗೆ ಇನ್ನೂ ಮರೆತಿಲ್ಲ. ಇಬ್ಬರಿಗೆ ಟಿಕೆಟಿನ ದುಡ್ಡು ನಾನೇ ಮುಂಗಡ ಹಾಕಿದ್ದೆ. ಅದರಲ್ಲಿ ಅರ್ಧ ಇವತ್ತಿಗೂ ಬಂದಿಲ್ಲ, ನಾನು ಕೇಳಲೂ ಇಲ್ಲ.

ಹತ್ತಿದವರಿಗೆ ಗೊತ್ತು, ಸೆಂಬಲುನ್ ಹಳ್ಳಿಯ ಕಡೆಯ ಬಾಯಂಚಿನ, ಅಂದರೆ ಅಗ್ನಿಪರ್ವತದ ಬಾಯಿಯ ಅಂಚಿನ, ಶಿಬಿರ ಇರುವುದು 2,639 ಮೀಟರಿನಲ್ಲಿ, ತುದಿ 3,726ರಲ್ಲಿ. ನಡುವಿನ 1,087 ಮೀಟರನ್ನು ಒಂದೇ ರಾತ್ರಿಯಲ್ಲಿ ಏರಬೇಕು. ಮೊದಲು ಬೂದಿಯಂಥ ಹುಡಿ, ಆಮೇಲೆ ಏಣಿನ ಮೇಲಿನ ದಾರಿ, ಕೊನೆಗೆ ಬೆಟ್ಟ ಉಗುಳಿದ ಹಗುರ ಕಲ್ಲಿನ ಸಡಿಲ ಚರಳು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದೆ ಜಾರುತ್ತದೆ. ಹೊಸಬರು ಸೋಲುವುದು ಉಸಿರಿಗಲ್ಲ, ಈ ಚರಳಿಗೆ. ಜಾರಿದೊಡನೆ ಗಾಬರಿಯಾಗಿ ಬೇಗ ಬೇಗ ಕಾಲು ಕೀಳುತ್ತಾರೆ. ಬೇಗ ಕಿತ್ತಷ್ಟೂ ಜಾರುತ್ತದೆ. ಕುದುರೆಮುಖದ ಹುಲ್ಲುಗುಡ್ಡದಲ್ಲಿ ಕಾಲು ಗಟ್ಟಿಯಾಗಬಹುದು, ಆದರೆ ನೆಲ ಅಲ್ಲಾಡುವುದಿಲ್ಲವಲ್ಲ.

ಪರಿಹಾರ ಸಿಕ್ಕಿದ್ದು 2024ರ ಜನವರಿಯಲ್ಲಿ, ಹಟ್ಟಿಯ ಗೋಡೆಗೆ ಕೆಂಪುಕಲ್ಲು ನೋಡಲು ಹೋದಾಗ. ಕೋರೆಯ ಬದಿಯಲ್ಲಿ ಮೆಷಿನಿನಿಂದ ಕಲ್ಲು ಕಡಿದು ಉಳಿದ ಹುಡಿ, ಚಕ್ಕೆ, ಒಡೆದ ತುಂಡುಗಳ ದೊಡ್ಡ ರಾಶಿ. ಒಳ್ಳೆ ಕಲ್ಲು ಯಾವುದೆಂದು ಮೇಲಿನಿಂದ ನೋಡೋಣವೆಂದು ರಾಶಿಗೆ ಕಾಲಿಟ್ಟೆ. ಮೀನಖಂಡಕ್ಕೆ ಅದೇ ಎಳೆತ, ಪಾದದ ಕೆಳಗೆ ಅದೇ ಜಾರಿಕೆ. ಕಣ್ಣು ಮುಚ್ಚಿದರೆ ರಿಂಜಾನಿಯೇ. ಕಲ್ಲು ನೋಡುವುದು ಬಿಟ್ಟು ಹತ್ತು ಸಲ ಹತ್ತಿ ಇಳಿದೆ.

ಕೋರೆಯ ಧನಿಗಳು ಮೊದಲು ಒಪ್ಪಲಿಲ್ಲ, ಯಾರಾದರೂ ಬಿದ್ದರೆ ಯಾರು ಹೊಣೆ ಎಂದರು. ಗುಂಡಿಯ ಕಡೆಗೆ ಹಗ್ಗ ಕಟ್ಟುತ್ತೇನೆ, ಕೆಲಸವಿಲ್ಲದ ಭಾನುವಾರ ಮಾತ್ರ ಬರುತ್ತೇವೆ ಎಂದ ಮೇಲೆ ಸರಿ ಎಂದರು. ರಾಶಿಯ ಎತ್ತರ ಅಂದಾಜು 30 ಅಡಿ. ಫೆಬ್ರವರಿಯಲ್ಲಿ ಶುರು ಮಾಡಿದ ದಿನ ಎಂಟು ಸುತ್ತಿಗೆ ಎಲ್ಲರೂ ಮಲಗಿದರು. ಮೇ ಹೊತ್ತಿಗೆ 60 ಸುತ್ತು, ಅಂದರೆ 1,800 ಅಡಿ, ಬಾಯಂಚಿನಿಂದ ತುದಿಗಿರುವ ಏರಿನ ಅರ್ಧಕ್ಕೂ ಸ್ವಲ್ಪ ಹೆಚ್ಚು. ಬೆನ್ನಿಗೆ ನಾಲ್ಕು ಲೀಟರ್ ನೀರು. ಕೊನೆಯ ನಾಲ್ಕು ವಾರ ಬೆಳಗಿನ ಜಾವ ಮೂರಕ್ಕೆ ಹೆಡ್‌ಲೈಟ್ ಹಾಕಿಯೇ ಮಾಡಿದ್ದು.

ಒಂದು ವಿಷಯ ನನಗೆ ತಡವಾಗಿ ಹೊಳೆಯಿತು. ತುಳಿದು ತುಳಿದು ರಾಶಿ ಗಟ್ಟಿಯಾಗುತ್ತದೆ. ನಮ್ಮ ಕೆಂಪುಕಲ್ಲಿನ ಹುಡಿಯಲ್ಲಿ ಜೇಡಿ ಅಂಶ ಇರುವುದರಿಂದ ಅಂಟಿಕೊಳ್ಳುತ್ತದೆ, ಅಗ್ನಿಪರ್ವತದ ಚರಳು ಹಾಗಲ್ಲ. ಮಾರ್ಚಿನಲ್ಲಿ ಎಲ್ಲರೂ ಸಲೀಸಾಗಿ ಹತ್ತುತ್ತಿದ್ದಾರೆಂದು ಖುಷಿಪಟ್ಟೆ. ನೋಡಿದರೆ ರಾಶಿಯಲ್ಲಿ ಮೆಟ್ಟಿಲೇ ಮೂಡಿತ್ತು! ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಜೆಸಿಬಿ ತರಿಸಿ ಕೆದಕಿಸಿದೆ. ಗಂಟೆಗೆ ಸಾವಿರದ ಮುನ್ನೂರೋ ನಾನೂರೋ, ನಾಲ್ಕು ಸಲ. ಈ ಪ್ರಯೋಗಕ್ಕೆ ಆದ ದೊಡ್ಡ ಖರ್ಚು ಅದೇ.

ಹೆಜ್ಜೆಯ ಕ್ರಮ ಹೀಗೆ. ಬೂಟಿನ ಮೂತಿಯನ್ನು ಚರಳಿಗೆ ಒದ್ದು ಊರಬೇಕು, ಭಾರ ಹಾಕದೆ ಅದು ಕೂರುವ ತನಕ ಕಾಯಬೇಕು, ಆಮೇಲೆ ಏಳಬೇಕು. ಜಾರಿದರೆ ಜಾರಲು ಬಿಡಬೇಕು, ಅಲ್ಲಿಂದಲೇ ಮುಂದಿನ ಹೆಜ್ಜೆ. ಮುಂದಿನವರ ಹೆಜ್ಜೆಗುಳಿಯಲ್ಲೇ ಹಿಂದಿನವರ ಕಾಲು. ನಲವತ್ತು ಹೆಜ್ಜೆಗೆ ಹತ್ತು ಉಸಿರು, ನಿಂತೇ. ಕೂತರೆ ಮುಗಿಯಿತು. ಕೋಲನ್ನು ಎಲ್ಲಿ ಊರಬೇಕು ಎಂಬುದರಲ್ಲಿ ಒಂದು ಕೈಚಳಕ ಇದೆ. ಅದನ್ನು ನನ್ನ ಜೊತೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ತಂಡದಲ್ಲಿ ಅಡಕೆ ಮರಕ್ಕೆ ಮದ್ದು ಬಿಡುವ ಒಬ್ಬರಿದ್ದರು, ದಿನಕ್ಕೆ ಅರವತ್ತೆಪ್ಪತ್ತು ಮರ ಹತ್ತುವವರು. ಇವರು ಎಲ್ಲರಿಗಿಂತ ಮೊದಲು ತುದಿಯಲ್ಲಿರುತ್ತಾರೆಂದು ಎಲ್ಲರ ಲೆಕ್ಕ. ರಾಶಿಯಲ್ಲಿ ಸೋತವರು ಅವರೇ! ಮರದಲ್ಲಿ ಒಂದೇ ಉಸಿರಿಗೆ ಮೇಲೇರಿ ಅಲ್ಲಿ ವಿಶ್ರಾಂತಿ. ಆ ಅಭ್ಯಾಸ ಬಿಡಿಸಲು ಆರು ವಾರ ಬೇಕಾಯಿತು. ಆದರೆ 54 ವರ್ಷದ ನನ್ನ ಭಾವ, ತೋಟದಲ್ಲಿ ನೀರಿನ ಪೈಪು ಎಳೆಯುತ್ತಾ ನಿಧಾನ ನಡೆಯುವವರು, ಮೊದಲ ದಿನದಿಂದಲೇ ಸರಿಯಾಗಿ ಹೆಜ್ಜೆ ಇಟ್ಟರು. "ಅವಸರ ಎಂತ ಇದೆ ಭಾವಾ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲವಲ್ಲ" ಎನ್ನುತ್ತಿದ್ದರು.

ನಡುವೆ ಬೇರೆ ಪ್ರಯೋಗಗಳೂ ಆದವು. ಶಿರಿಯ ಕಡಲ ಕರೆಯಲ್ಲಿ ಎರಡು ಸಂಜೆ ಹೊಯ್ಗೆಯಲ್ಲಿ ನಡೆಸಿದೆ. ಕಾಲು ನೋವು ಬಂತೇ ಹೊರತು ಏರು ಇಲ್ಲದ್ದರಿಂದ ಉಪಯೋಗವಾಗಲಿಲ್ಲ. ಅಡಕೆ ಸಿಪ್ಪೆಯ ರಾಶಿಯೂ ಆಗಲಿಲ್ಲ, ಮೊಣಕಾಲಿನವರೆಗೆ ಹುಗಿಯುತ್ತದೆ. ಬೂಟಿನೊಳಗೆ ಚರಳು ಹೋಗದಂತೆ ಅಡಕೆ ಹಾಳೆಯನ್ನು ನೆನೆಸಿ ಕಣಕಾಲಿಗೆ ಸುತ್ತಿ ಕಟ್ಟಿದ್ದು ಕೋರೆಯಲ್ಲಿ ಅದ್ಭುತವಾಗಿತ್ತು, ಒಂದು ಕಲ್ಲೂ ಒಳಗೆ ಹೋಗಲಿಲ್ಲ. ಎರಡನೇ ವಾರಕ್ಕೆ ಒಣಗಿ ಸೀಳಿತು. ಕೊನೆಗೆ ಹಳೆ ಕೊಡೆಯ ಬಟ್ಟೆ ಕೊಟ್ಟು ದರ್ಜಿಯಿಂದ ಕೆಳಗೆ ಇಲಾಸ್ಟಿಕ್ ಹಾಕಿಸಿ ಹೊಲಿಸಿದೆ. ಜೋಡಿಗೆ 120 ರೂಪಾಯಿ. ಅಂಗಡಿಯದ್ದು ಎರಡು ಸಾವಿರ ಇತ್ತು. ಅಲ್ಲಿನ ಗೈಡ್ ಅದನ್ನು ಮುಟ್ಟಿ ನೋಡಿ ಒಂದು ಜೋಡಿ ಕೇಳಿಯೇ ಪಡೆದ.

ಹೊರಡುವ ದಿನ ನಿಗದಿ ಮಾಡಿದ್ದು ತೋಟದ ಲೆಕ್ಕದಲ್ಲಿ. ಅಡಕೆಗೆ ಮೊದಲ ಬೋರ್ಡೋ ಮದ್ದು ಬಿಟ್ಟು ಮುಗಿದು ಎರಡನೆಯದಕ್ಕೆ 40-45 ದಿನ ಸಿಗುತ್ತದೆ. ಜೂನ್ ಕೊನೆಯ ವಾರ ನಮ್ಮಲ್ಲಿ ಜಡಿಮಳೆ, ಲೊಂಬೊಕ್‌ನಲ್ಲಿ ಒಣ ಕಾಲ. ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ, ನಾಲ್ಕು ತಿಂಗಳು ಮೊದಲೇ ತೆಗೆದದ್ದರಿಂದ ಹೋಗಿ ಬರಲು ಇಪ್ಪತ್ತೆಂಟು ಸಾವಿರದ ಹತ್ತಿರ. ವೀಸಾ ಅಲ್ಲೇ ಇಳಿದು ತೆಗೆದದ್ದು, ಅವರ 5 ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ ಆಗ ಎರಡೂವರೆ ಸಾವಿರ ಚಿಲ್ಲರೆ. ಹಿಂದಿನ ಸಲ ವೇಗದ ದೋಣಿಗೆ ದುಡ್ಡು ಸುರಿದು ಎಲ್ಲರೂ ವಾಂತಿ ಮಾಡಿಕೊಂಡಿದ್ದರು. ಈ ಸಲ ಪಾದಾಂಗ್‌ಬಾಯ್‌ನಿಂದ ಲೆಂಬಾರ್‌ಗೆ ದೊಡ್ಡ ಫೆರಿ, ಐದು ಗಂಟೆ, ಎಲ್ಲರೂ ನಿದ್ದೆ ಮಾಡಿದರು. ಮೂರು ದಿನದ ಚಾರಣಕ್ಕೆ ಗೈಡ್, ಪೋರ್ಟರ್, ಟೆಂಟ್ ಸೇರಿ ತಲಾ ಹದಿನೇಳೋ ಹದಿನೆಂಟೋ ಸಾವಿರ. ಒಟ್ಟು ತಲಾ 68 ಸಾವಿರದೊಳಗೆ ಮುಗಿಸಿದೆ. 2022ರಲ್ಲಿ ಅಗ್ಗವೆಂದು ಹಿಡಿದ ತಂಡದವರು ಒಬ್ಬರ ಮಲಗುಚೀಲವನ್ನು ಇಬ್ಬರಿಗೆ ಕೊಟ್ಟಿದ್ದರು. ಬಾಯಂಚಿನ ಗಾಳಿಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ, ಅಲ್ಲೇ ಅರ್ಧ ಸೋಲು ಆಗಿತ್ತು. ಅಗ್ಗದ ತಂಡ ಹಿಡಿಯಬೇಡಿ. ಬಿದಿರಿನ ಕಾವಡಿಯಲ್ಲಿ ನಮ್ಮ ಊಟವನ್ನೂ ಟೆಂಟನ್ನೂ ಹೊತ್ತು ಚಪ್ಪಲಿಯಲ್ಲೇ ಹತ್ತುವ ಆ ಪೋರ್ಟರ್‌ಗಳಿಗೆ ಸರಿಯಾದ ಕೂಲಿ ಸಿಗಬೇಕು.

ಊಟದ ಪಾಠವೂ ಹಿಂದಿನ ಸೋಲಿನದ್ದೇ. 2023ರಲ್ಲಿ ಕುಚ್ಚಲಕ್ಕಿ ಒಯ್ದಿದ್ದೆ. ಆ ಎತ್ತರದಲ್ಲಿ ನೀರು 91 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಎರಡು ಗಂಟೆ ಬೇಯಿಸಿದರೂ ಗಂಜಿ ಆಗಲಿಲ್ಲ, ಗ್ಯಾಸ್ ಮಾತ್ರ ಮುಗಿಯಿತು. ಈ ಸಲ ಅವಲಕ್ಕಿ, ಬೆಲ್ಲ, ಮಿಡಿ ಉಪ್ಪಿನಕಾಯಿ. ಅಲ್ಲಿನವರು ಸೋಯಾ ಕಾಳು ಹುದುಗಿಸಿ ಮಾಡುವ ತೆಂಪೆಯನ್ನು ಭಾವ ಉಪ್ಪಿನಕಾಯಿ ರಸದಲ್ಲಿ ಅದ್ದಿ ತಿಂದು, ಮನೆಯಲ್ಲೂ ಮಾಡಿಸಬೇಕೆಂದರು. ರಾತ್ರಿ ಹೊರಡುವ ಮೊದಲು ನಾನು ಒಂದು ಕಷಾಯ ಮಾಡಿಕೊಡುತ್ತೇನೆ. ಅದರಲ್ಲಿ ಜೀರಿಗೆ, ಕೊತ್ತಂಬರಿ ಇದೆ ಎಂದಷ್ಟು ಹೇಳಬಲ್ಲೆ.

ಬಾಯಂಚಿನಿಂದ ತುದಿಗೆ ಸಾಮಾನ್ಯವಾಗಿ ಎಲ್ಲರೂ ರಾತ್ರಿ ಎರಡು ಗಂಟೆಗೆ ಹೊರಡುತ್ತಾರೆ. ನಾನು ಗೈಡಿನ ಹತ್ತಿರ ವಾದ ಮಾಡಿ ಒಂದಕ್ಕೆ ಹೊರಡಿಸಿದೆ. ಮುಂದೆ ನೂರು ಜನ ಇದ್ದರೆ ಅವರು ಜಾರಿಸಿದ ಚರಳೆಲ್ಲ ನಮ್ಮ ಮೈಮೇಲೆ. ನಾವೇ ಮುಂದಿದ್ದರೆ ನಮ್ಮ ಹೆಜ್ಜೆ ನಮಗೆ. ಗಂಟೆ ಮೂರೂವರೆಗೆ, 3,300 ಮೀಟರಿನ ಹತ್ತಿರ, ತಂಡದ ಉಪನ್ಯಾಸಕ ಗೆಳೆಯರಿಗೆ ತಲೆನೋವು ಜೋರಾಗಿ ವಾಂತಿಯಾಯಿತು. ಹಿಂದಿನ ದಿನ ಎಲ್ಲರಿಗಿಂತ ಮೊದಲು ಬಾಯಂಚು ಸೇರಿದವರು, ನೀರು ಸರಿಯಾಗಿ ಕುಡಿದಿರಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು. ಎತ್ತರದ ತೆಳುಗಾಳಿಯನ್ನು ಕಲ್ಲುಕೋರೆ ಕಲಿಸುವುದಿಲ್ಲ. ಸಹಾಯಕ ಗೈಡಿನ ಜೊತೆ ಅವರನ್ನು ತಕ್ಷಣ ಕೆಳಗೆ ಕಳಿಸಿದೆ, ಎರಡು ಗಂಟೆಯೊಳಗೆ ಸುಧಾರಿಸಿಕೊಂಡರು.

ಕೊನೆಯ ಚರಳು ಬಂದಾಗ ಅಕ್ಕನ ಮಗಳು ಒಂದು ಕ್ಷಣ ನಿಂತು ಕಾಲಿನಿಂದ ಕೆದಕಿ ನೋಡಿದಳು. "ಮಾವಾ, ಇದು ಕೋರೆಗಿಂತ ಹಗುರ" ಎಂದಳು. ಹಿಂದಿನ ಎರಡು ತಂಡಗಳು ಕಣ್ಣೀರು ಹಾಕಿದ ಜಾಗ ಅದು. ಅಲ್ಲಿಂದ ತುದಿಗೆ ಒಂದೂಮುಕ್ಕಾಲು ಗಂಟೆ, ಯಾರೂ ಕೂರಲಿಲ್ಲ. ನಮ್ಮ ಹಿಂದೆ ಬರುತ್ತಿದ್ದ ಯುರೋಪಿನ ಯುವಕರ ಗುಂಪೊಂದು ಭಾವನ ಹೆಜ್ಜೆಗುಳಿಯಲ್ಲೇ ಕಾಲಿಟ್ಟು ಹತ್ತಿತು.

ಸೂರ್ಯ ಮೂಡಿದ್ದು ಆರೂಕಾಲು ದಾಟಿದ ಮೇಲೆ. ಪೂರ್ವಕ್ಕೆ ಸುಂಬಾವಾ ದ್ವೀಪದಲ್ಲಿ 1815ರಲ್ಲಿ ಸಿಡಿದ ತಂಬೋರಾ, ಪಶ್ಚಿಮಕ್ಕೆ ಬಾಲಿಯ ಅಗುಂಗ್, ಅದರ ಕಡೆಗೆ ಚಾಚಿದ ರಿಂಜಾನಿಯದ್ದೇ ತ್ರಿಕೋನ ನೆರಳು. ಕೆಳಗೆ ಸೆಗಾರಾ ಅನಾಕ್, ಕಡಲ ಮಗು ಎಂದು ಆ ಕೆರೆಯ ಹೆಸರಿನ ಅರ್ಥ. 1257ರಲ್ಲಿ ಸಮಾಲಾಸ್ ಅಗ್ನಿಪರ್ವತ ಸಿಡಿದು ಕುಸಿದ ಹೊಂಡ ಅದು, ನಡುವೆ 2016ರಲ್ಲೂ ಹೊಗೆಯುಗುಳಿದ ಬಾರುಜಾರಿ ಎಂಬ ಮರಿ ಅಗ್ನಿಪರ್ವತ. ಬಾಲಿಯ ಹಿಂದೂಗಳು ಆ ಕೆರೆಗೆ ಚಿನ್ನ ಅರ್ಪಿಸುವ ಪೆಕೆಲೆಮ್ ಆಚರಣೆಯ ಬಗ್ಗೆ ನಾನು ಹೇಳಿದ್ದೆ. ಭಾವ ಚೀಲದಿಂದ ಒಂದು ಅಡಕೆ ತೆಗೆದು ಕೆರೆಯ ಕಡೆಗೆ ಕೈಮುಗಿದು ಮತ್ತೆ ಚೀಲಕ್ಕೇ ಹಾಕಿಕೊಂಡರು. ಮದ್ದು ಬಿಡುವವರು ಸುಮಾರು ಹೊತ್ತು ಮಾತಾಡಲಿಲ್ಲ.

ಈಗ ಮಂಗಳೂರಿನ ಗೆಳೆಯರೇ ಕೋರೆ ನೋಡಬೇಕೆಂದು ಕೇಳುತ್ತಿದ್ದಾರೆ. ಆದರೆ ಮಳೆ ಬಿಟ್ಟ ಮೇಲೆ ಧನಿಗಳು ಆ ರಾಶಿಯನ್ನು ಹೊಂಡ ತುಂಬಿಸಲು ಲಾರಿಗೆ ಮಾರಿಬಿಟ್ಟರು. ಹೊಸ ತಂಡದಲ್ಲಿ ಆರು ಮಂದಿ ಇದ್ದಾರೆ, ಬೇಳ, ನೀರ್ಚಾಲು, ಪೆರ್ಲ ಕಡೆಯ ಕೋರೆಗಳನ್ನೆಲ್ಲ ನೋಡಿ ಬರುತ್ತಿದ್ದೇನೆ. 25 ಅಡಿಗಿಂತ ಎತ್ತರದ, ಇನ್ನೂ ಗಟ್ಟಿಯಾಗದ ರಾಶಿ ಎಲ್ಲಾದರೂ ಇದ್ದರೆ ಹೇಳಿ, ಫೆಬ್ರವರಿಯೊಳಗೆ ಬೇಕು. ಜೆಸಿಬಿ ಖರ್ಚು ನನ್ನದು.