ಫೋಟೊದ ಅಂಚಿನ ಆಚೆ

ಎರಡು ಫೋಟೊಗಳನ್ನು ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟಿದ್ದೆ. ಎರಡರಲ್ಲೂ ಅದೇ ಬೋಳು ಕಣಿವೆ, ಅದೇ ಮಣ್ಣಿನ ದಾರಿ. ಒಂದರಲ್ಲಿ ದಾರಿಯ ಮೇಲೆಲ್ಲ ಫಿರಂಗಿ ಗುಂಡುಗಳು. ಇನ್ನೊಂದರಲ್ಲಿ ದಾರಿ ಖಾಲಿ, ಗುಂಡುಗಳೆಲ್ಲ ಪಕ್ಕದ ತಗ್ಗಿನಲ್ಲಿ ಬಿದ್ದಿವೆ. 1855ರಲ್ಲಿ ಕ್ರಿಮಿಯಾ ಯುದ್ಧದ ಸಮಯದಲ್ಲಿ ರೋಜರ್ ಫೆಂಟನ್ ಎಂಬ ಇಂಗ್ಲಿಷ್ ಛಾಯಾಗ್ರಾಹಕ ತೆಗೆದವು. ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿದೆ. ‘ಇದರಲ್ಲಿ ಯಾವುದು ಮೊದಲು ತೆಗೆದದ್ದು?’

ಕ್ಲಾಸು ಎರಡು ಪಾಲಾಯಿತು. ಗಾಡಿ ಹೋಗೋಕೆ ಸೈನಿಕರು ದಾರಿ ಚೊಕ್ಕ ಮಾಡಿರಬೇಕು, ಹಾಗಾಗಿ ಗುಂಡು ತುಂಬಿದ ಫೋಟೊನೇ ಮೊದಲು ಅಂತ ಒಂದು ಕಡೆಯವರು. ಫೋಟೊ ಚೆನ್ನಾಗಿ ಬರಲಿ ಅಂತ ಫೆಂಟನ್ನೇ ಗುಂಡುಗಳನ್ನು ತಂದು ದಾರಿಗೆ ಹಾಕಿಸಿರಬೇಕು ಅಂತ ಇನ್ನೊಂದು ಕಡೆಯವರು. ಇಪ್ಪತ್ತು ನಿಮಿಷ ಜಗಳ. ನಾನು ‘ಗುಂಡು ಬಿಡಿ, ನೆಲ ನೋಡಿ’ ಅಂತಷ್ಟೇ ಹೇಳಿದೆ. ವಿಜ್ಞಾನದ ಲ್ಯಾಬಿನಿಂದ ಭೂತಗನ್ನಡಿ ತಂದರು. ಒಬ್ಬ ಹುಡುಗ ಬಹಳ ಹೊತ್ತು ಬಗ್ಗಿ ನೋಡಿದ. ಅವನ ಮನೆ ಕಾಫಿ ತೋಟದ ಇಳಿಜಾರಿನಲ್ಲಿದೆ. ಮಳೆಗಾಲದಲ್ಲಿ ದಿನಾ ಜಾರುವ ಕಾಲುದಾರಿಯಲ್ಲೇ ಶಾಲೆಗೆ ಬರುತ್ತಾನೆ. ‘ಸರ್, ಈ ಸಣ್ಣ ಕಲ್ಲುಗಳು ಖಾಲಿ ದಾರಿಯ ಫೋಟೊದಲ್ಲಿ ಮೇಲಿವೆ. ಗುಂಡು ಇರುವ ಫೋಟೊದಲ್ಲಿ ಸ್ವಲ್ಪ ಕೆಳಗೆ ಬಂದಿವೆ. ಯಾರೋ ಓಡಾಡಿದ್ದಾರೆ. ಕಾಲು ತಾಗಿದರೆ ಕಲ್ಲು ಕೆಳಗೆ ತಾನೇ ಉರುಳೋದು, ಮೇಲೆ ಹತ್ತಲ್ಲ ಅಲ್ವಾ?’

ಅಮೆರಿಕದ ಚಿತ್ರ ನಿರ್ದೇಶಕ ಎರಲ್ ಮಾರಿಸ್ ಇದೇ ಪ್ರಶ್ನೆ ಹಿಡಿದು ಕ್ರಿಮಿಯಾದವರೆಗೂ ಹೋಗಿದ್ದರು. ಕೊನೆಗೆ ಉತ್ತರ ಸಿಕ್ಕಿದ್ದು ಈ ಹುಡುಗ ಹಿಡಿದ ದಾರಿಯಲ್ಲೇ, ಉರುಳಿದ ಕಲ್ಲುಗಳಿಂದ. ಖಾಲಿ ದಾರಿಯ ಫೋಟೊನೇ ಮೊದಲು. ಅದನ್ನು ಹೇಳಿದಾಗ ಅವನ ಮುಖದಲ್ಲಿ ಬಂದ ಬೆಳಕು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಇತಿಹಾಸದಲ್ಲಿ ಸಾಕ್ಷಿ ಅಂದರೇನು ಅಂತ ನಾನು ಹದಿನೈದು ವರ್ಷ ಬೋರ್ಡಿನ ಮೇಲೆ ಬರೆದದ್ದು ಆ ಒಂದು ಪೀರಿಯಡ್‌ನಷ್ಟು ತಲುಪಿರಲಿಲ್ಲ.

ಕೊಡಗಿನ ಸಿದ್ದಾಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಕೊಡವರ ಮನೆಯ ಮಕ್ಕಳು, ಗೌಡರ ಮನೆಯ ಮಕ್ಕಳು, ಮಲಯಾಳಂ ಮಾತಾಡುವವರು, ತೋಟದ ಲೈನ್‌ಮನೆಗಳಿಂದ ಬರುವವರು ಎಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇವರಲ್ಲಿ ಅನೇಕರ ಮನೆಯ ಗೋಡೆಯಲ್ಲಿ ಯೂನಿಫಾರ್ಮ್ ಹಾಕಿದ ಅಜ್ಜನದೋ ದೊಡ್ಡಪ್ಪನದೋ ಫೋಟೊ ಇರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅಂದರೆ ಅವರಿಗೆ ಪಾಠದ ಹೆಸರಲ್ಲ, ಊರಿನವರ ಹೆಸರು. ಆದರೂ ಮಹಾಯುದ್ಧದ ಪಾಠ ಬಂದರೆ ಇಸವಿ, ಕಾರಣ, ಪರಿಣಾಮ ಅಂತ ಬಾಯಿಪಾಠ ಮಾಡಿ ಮುಗಿಸುತ್ತಿದ್ದರು. ಗೋಡೆಯ ಮೇಲಿನ ಯುದ್ಧವೇ ಬೇರೆ, ಪುಸ್ತಕದ ಯುದ್ಧವೇ ಬೇರೆ. ಎರಡೂ ಸೇರುತ್ತಿರಲಿಲ್ಲ. ಅದಕ್ಕೇ ಫೋಟೊ ಹಿಡಿದೆ.

ಮೊದಲ ಸಲ ತಪ್ಪು ಮಾಡಿದೆ. ಅದನ್ನು ಮುಚ್ಚಿಡುವುದಿಲ್ಲ, ಯಾಕಂದರೆ ಈ ಪಾಠ ಮಾಡಲು ಹೊರಟ ಯಾರಿಗಾದರೂ ಮೊದಲು ಗೊತ್ತಿರಬೇಕಾದ್ದು ಅದೇ. 1968ರ ಫೆಬ್ರವರಿ 1ರಂದು ವಿಯೆಟ್ನಾಂನ ಸೈಗಾನ್ ಬೀದಿಯಲ್ಲಿ ಎಡ್ಡಿ ಆಡಮ್ಸ್ ತೆಗೆದ ಫೋಟೊವನ್ನು ಪ್ರೊಜೆಕ್ಟರಿನಲ್ಲಿ ನೇರವಾಗಿ ಹಾಕಿಬಿಟ್ಟೆ. ಕೈ ಕಟ್ಟಿದ ಮನುಷ್ಯನ ತಲೆಗೆ ಪಿಸ್ತೂಲು ಹಿಡಿದು ಗುಂಡು ಹಾರಿಸುವ ಕ್ಷಣ. ಮೊದಲೇ ಒಂದು ಮಾತು ಹೇಳಿರಲಿಲ್ಲ. ಇಡೀ ಗೋಡೆಯಷ್ಟು ದೊಡ್ಡದಾಗಿ ಬಂತು. ಮೂರನೇ ಬೆಂಚಿನ ಹುಡುಗಿ ತಲೆ ಬಗ್ಗಿಸಿದವಳು ಪೀರಿಯಡ್ ಮುಗಿದರೂ ಎತ್ತಲಿಲ್ಲ. ಅವಳ ಚಿಕ್ಕಪ್ಪ ಗಡಿಯಲ್ಲಿ ಡ್ಯೂಟಿಯಲ್ಲಿದ್ದಾಗ ತೀರಿಕೊಂಡಿದ್ದರು. ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕಿತ್ತು. ಅವತ್ತು ಸಂಜೆ ಅವರ ಮನೆಗೆ ಹೋಗಿ ಅವಳ ತಾಯಿಯ ಹತ್ತಿರ ಕ್ಷಮೆ ಕೇಳಿದೆ.

ಆಮೇಲೆ ಪ್ರೊಜೆಕ್ಟರ್ ಬಿಟ್ಟೆ. ಹೇಗೂ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಭರವಸೆ ಇಲ್ಲ. ಫೋಟೊ ಸ್ಟುಡಿಯೋದಲ್ಲಿ ದೊಡ್ಡ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ನಾಲ್ಕು ಮಕ್ಕಳಿಗೆ ಒಂದರಂತೆ ಕೊಡುತ್ತೇನೆ. ಕಷ್ಟದ ಫೋಟೊ ಆದರೆ ಬೋರಲು ಇಡುತ್ತೇನೆ. ಅದರಲ್ಲಿ ಏನಿದೆ ಅಂತ ಮೊದಲು ಮಾತಿನಲ್ಲಿ ಹೇಳುತ್ತೇನೆ. ತಿರುಗಿಸುವುದು, ಬಿಡುವುದು ಅವರಿಗೆ ಸೇರಿದ್ದು. ತಿರುಗಿಸದವರು ಲೈಬ್ರರಿಗೆ ಹೋಗಿ ಅದೇ ಘಟನೆಯ ಬಗ್ಗೆ ಓದಿ ಬರಬಹುದು. ಯಾರೂ ಕಾರಣ ಕೇಳುವಂತಿಲ್ಲ. 1972ರ ಜೂನ್ 8ರಂದು ವಿಯೆಟ್ನಾಂನ ಟ್ರಾಂಗ್ ಬಾಂಗ್ ಊರಲ್ಲಿ ನಾಪಾಮ್ ಬಾಂಬಿನಿಂದ ಸುಟ್ಟುಕೊಂಡು ಬರಿಮೈಯಲ್ಲಿ ಓಡಿಬಂದ ಒಂಬತ್ತು ವರ್ಷದ ಹುಡುಗಿಯ ಫೋಟೊ ಇದೆಯಲ್ಲ, ಅದನ್ನು ನಾನು ತೋರಿಸುವುದೇ ಇಲ್ಲ. ಕಥೆ ಹೇಳುತ್ತೇನೆ. ಆ ಕಿಮ್ ಫುಕ್ ಬದುಕಿದರು, ಆಮೇಲೆ ಕೆನಡಾದಲ್ಲಿ ನೆಲೆಸಿದರು ಅಂತ ಹೇಳುತ್ತೇನೆ. ಆ ಫೋಟೊ ತೆಗೆದವರು ಯಾರು ಅನ್ನುವ ವಿವಾದ 2025ರಲ್ಲಿ ಎದ್ದು, ವರ್ಲ್ಡ್ ಪ್ರೆಸ್ ಫೋಟೊ ಸಂಸ್ಥೆ, ಅಲ್ಲಿಯವರೆಗೆ ಅದನ್ನು ತೆಗೆದವರು ಎನಿಸಿಕೊಂಡಿದ್ದ ನಿಕ್ ಉಟ್ ಅವರ ಹೆಸರು ಹಾಕುವುದನ್ನು ತಡೆಹಿಡಿದದ್ದನ್ನೂ ಹೇಳುತ್ತೇನೆ. ಹದಿನಾಲ್ಕು ವರ್ಷದ ಮಕ್ಕಳ ಮುಂದೆ ಒಂಬತ್ತು ವರ್ಷದ ಮಗುವಿನ ಬರಿಮೈ ಇಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ಕ್ಲಾಸಿನಲ್ಲಿ ಮೊದಲ ಹತ್ತು ನಿಮಿಷ ಫೋಟೊದ ಅಡಿಬರಹ ಕೊಡುವುದಿಲ್ಲ. ಬೋರ್ಡಿನ ಮೇಲೆ ಎರಡು ಕಂಬ ಎಳೆಯುತ್ತೇನೆ. ಒಂದಕ್ಕೆ ‘ಕಾಣುವುದು’, ಇನ್ನೊಂದಕ್ಕೆ ‘ಅನಿಸುವುದು’. ಯಾರೋ ‘ಸೈನಿಕ ಹೆದರಿದ್ದಾನೆ’ ಅನ್ನುತ್ತಾರೆ. ಹೆದರಿಕೆ ಕಾಣುತ್ತದಾ, ಅನಿಸುತ್ತದಾ? ಕಾಣುವುದು ಅಗಲ ತೆರೆದ ಕಣ್ಣು, ಬಿಗಿದ ಕೈ. ಮೊದಲ ವಾರ ಇದು ಮಕ್ಕಳಿಗೆ ಬೇಜಾರು ತರುತ್ತದೆ. ಎರಡನೇ ವಾರದಿಂದ ಅವರೇ ಒಬ್ಬರನ್ನೊಬ್ಬರು ತಿದ್ದುತ್ತಾರೆ. ಕೊನೆಗೆ ಬರುವ ಪ್ರಶ್ನೆ ಒಂದೇ, ಪ್ರತಿ ಸಲವೂ ಅದೇ. ಈ ಫೋಟೊದ ಅಂಚಿನ ಆಚೆ ಯಾರಿದ್ದಾರೆ?

1857ರ ಪಾಠಕ್ಕೆ ಫೆಲೀಸ್ ಬಿಯಾಟೊ ಲಕ್ನೋದ ಸಿಕಂದರ್ ಬಾಗ್‌ನಲ್ಲಿ ತೆಗೆದ ಫೋಟೊ ಇಡುತ್ತೇನೆ, ಬೋರಲಾಗಿ. ಪಾಳುಬಿದ್ದ ಕಟ್ಟಡ, ಅಂಗಳದ ತುಂಬ ಬಂಡಾಯದ ಸಿಪಾಯಿಗಳ ಎಲುಬು, ನಡುವೆ ಸುಮ್ನೆ ನಿಂತ ನಾಲ್ಕು ಜನ. ಕಾಳಗ ನಡೆದದ್ದು 1857ರ ನವೆಂಬರಿನಲ್ಲಿ. ಫೋಟೊ ತೆಗೆದದ್ದು 1858ರಲ್ಲಿ, ತಿಂಗಳುಗಳ ನಂತರ. ಅಷ್ಟು ದಿನ ಎಲುಬು ಹಾಗೇ ಇತ್ತಾ? ಫೋಟೊಗೋಸ್ಕರ ಹೂತದ್ದನ್ನು ಹೊರಗೆ ತೆಗೆಸಿದರು ಅನ್ನುವ ಮಾತು ಇದೆ. ಮಕ್ಕಳಿಗೆ ಸಿಟ್ಟು ಬಂತು. ‘ಸರ್, ಅವರು ಸತ್ತ ಮೇಲೂ ಬಿಡಲಿಲ್ಲ’ ಅಂದ ಒಬ್ಬ. ಕ್ಯಾಮೆರಾ ಯಾರ ಕೈಯಲ್ಲಿತ್ತು, ಯಾರು ಅದರ ಮುಂದೆ ಇದ್ದರು ಅನ್ನುವುದನ್ನು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಇಷ್ಟರ ಹೊತ್ತಿಗೆ ನಮ್ಮ ಕನ್ನಡ ಮೇಡಂ ಕಿಟಕಿಯಿಂದ ನೋಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕೇಳಿದರು. ‘ಸರ್, ನೀವು ಮಾಡುತ್ತಿರೋದನ್ನು ರನ್ನ ಸಾವಿರ ವರ್ಷದ ಹಿಂದೆ ಮಾಡಿದ್ದಾನೆ. ಶನಿವಾರ ಎರಡು ಪೀರಿಯಡ್ ಸೇರಿಸೋಣ್ವಾ?’

ನನಗೆ ಥಟ್ಟನೆ ಹೊಳೆಯಲಿಲ್ಲ. ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನ ಜೊತೆ ಕುರುಕ್ಷೇತ್ರದ ಹೆಣಗಳ ನಡುವೆ ನಡೆದು ಹೋಗುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆ ನಿಲ್ಲುತ್ತಾನೆ. ಕೊನೆಗೆ ಭೀಷ್ಮರ ಹತ್ತಿರ ಬರುತ್ತಾನೆ. ಪಾಠದಲ್ಲಿದ್ದ ‘ಛಲಮನೆ ಮೆರೆವೆಂ’ ಆ ಕೊನೆಯ ಭಾಗ. ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಹೋರಾಡುತ್ತೇನೆ ಅಂತ ಅವನು ಅನ್ನುವುದು ಅಲ್ಲೇ. ಮಕ್ಕಳು ಅದನ್ನು ಬಾಯಿಪಾಠ ಮಾಡಿದ್ದರು. ಆದರೆ ಆ ಮಾತಿಗೆ ಮುಂಚೆ ಅವನು ಎಂಥ ದಾರಿ ನಡೆದು ಬಂದಿದ್ದಾನೆ ಅಂತ ನೋಡಿರಲಿಲ್ಲ.

ಮೇಡಂ ಹಳಗನ್ನಡವನ್ನು ಓದಿ ಅರ್ಥ ಹೇಳಿದರು. ನಾನು ಒಂದು ಕೆಲಸ ಕೊಟ್ಟೆ. ‘ನಿಮ್ಮ ಕ್ಯಾಮೆರಾದಲ್ಲಿ ಐದೇ ಫೋಟೊಗೆ ಜಾಗ ಇದೆ. ದುರ್ಯೋಧನನ ಹಿಂದೆ ನಡೀರಿ. ಯಾವ ಐದು ತೆಗೀತೀರಿ?’ ಹುಡುಗರಲ್ಲಿ ಹೆಚ್ಚಿನವರು ಕರ್ಣನಲ್ಲಿ ನಿಂತರು. ಒಬ್ಬಳು ಹುಡುಗಿ ಅಭಿಮನ್ಯುವಿನ ಮುಂದೆ ನಿಂತಳು. ಶತ್ರುವಿನ ಮಗ ಅವನು. ಆದರೂ ದುರ್ಯೋಧನ ಅವನ ಶೌರ್ಯವನ್ನು ಹೊಗಳುತ್ತಾನೆ. ‘ಇದನ್ನು ಯಾರೂ ತೆಗೆಯೋಕೆ ಹೇಳಿರಲ್ಲ ಸರ್, ಅದಕ್ಕೇ ತೆಗೀತೀನಿ’ ಅಂದಳು.

ಮುಂದೆ ಲಕ್ಷಣಕುಮಾರನ ಜಾಗ ಬಂತು. ಮಗ ಅಪ್ಪನಿಗೆ ತರ್ಪಣ ಬಿಡಬೇಕಾದ್ದು ರೂಢಿ, ನಾನು ನಿನಗೆ ಬಿಡುವ ಹಾಗಾಯಿತಲ್ಲ ಮಗನೇ, ಕ್ರಮ ತಪ್ಪಿಸಿದೆಯಲ್ಲ ಅಂತ ಅಳುತ್ತಾನೆ ಅಪ್ಪ. ಮೇಡಂ ಆ ಪದ್ಯವನ್ನು ಎರಡು ಸಲ ಓದಿದರು. ಹೊರಗೆ ಹೆಂಚಿನ ಮೇಲೆ ಮಳೆ. ಸದ್ದಿಗೆ ದನಿ ಏರಿಸಿ ಓದಬೇಕಾಯಿತು. ಹಿಂದಿನ ಬೆಂಚಿನ ಹುಡುಗ ಕೇಳಿದ. ‘ಯುದ್ಧ ಬೇಕು ಅಂದವನೇ ಇವನಲ್ವಾ ಮೇಡಂ? ಮತ್ತೆ ಇವನ ಮೇಲೆ ಯಾಕೆ ಅಯ್ಯೋ ಅನಿಸ್ತಿದೆ?’ ಮೇಡಂ ಉತ್ತರ ಹೇಳದೆ ಆ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದರು. ಒಂದು ವಾರ ಅಳಿಸಲಿಲ್ಲ.

ಅದರ ಜೊತೆಗೆ ನಾನು ಇಟ್ಟದ್ದು ಕೊರಿಯಾ ಯುದ್ಧದ ಫೋಟೊ. 1950ರ ಆಗಸ್ಟ್ 28ರಂದು ಅಲ್ ಚಾಂಗ್ ತೆಗೆದದ್ದು. ಗೆಳೆಯ ಸತ್ತದ್ದಕ್ಕೆ ಅಳುತ್ತಿರುವ ಅಮೆರಿಕದ ಸೈನಿಕನನ್ನು ಇನ್ನೊಬ್ಬ ಸೈನಿಕ ಎದೆಗೆ ಒರಗಿಸಿಕೊಂಡಿದ್ದಾನೆ. ಹಿಂದೆ ಮೂರನೆಯವನೊಬ್ಬ ತಲೆ ಬಗ್ಗಿಸಿ ಸಾವುನೋವಿನ ಚೀಟಿ ತುಂಬುತ್ತಿದ್ದಾನೆ. ಈ ಮೂರನೆಯವನನ್ನು ಗಮನಿಸಲು ಮಕ್ಕಳಿಗೆ ಎಂಟು ನಿಮಿಷ ಹಿಡಿಯಿತು. ಒಮ್ಮೆ ಕಂಡ ಮೇಲೆ ಕಣ್ಣು ಅವನನ್ನು ಬಿಡಲಿಲ್ಲ. ಅವನಿಗೆ ಕಲ್ಲು ಮನಸ್ಸಾ, ಅಥವಾ ಯಾರಾದರೂ ಒಬ್ಬರು ಹೆಸರು ಬರೆಯಲೇಬೇಕಾ? ಸಂಜಯನ ಕೆಲಸವೂ ಅದೇ ಅಲ್ವಾ ಅಂತ ಒಬ್ಬಳು ಕೇಳಿದಳು. ನಾನೂ ಮೇಡಂ ಮುಖ ಮುಖ ನೋಡಿಕೊಂಡೆವು.

ಕೊರಿಯಾ ಮಕ್ಕಳಿಗೆ ದೂರದ ಹೆಸರಾಗಿ ಉಳಿಯಲಿಲ್ಲ. 1953ರಲ್ಲಿ ಕದನ ನಿಂತ ಮೇಲೆ ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಜಾಸ್ತಿ ಕೈದಿಗಳ ಜವಾಬ್ದಾರಿ ಹೊತ್ತ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮಡಿಕೇರಿಯ ತಿಮ್ಮಯ್ಯನವರು. ಅವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ. ಅಲ್ಲಿಗೆ ಕರೆದುಕೊಂಡು ಹೋದಾಗ ಮಕ್ಕಳು ಟ್ಯಾಂಕಿನ ಮುಂದೆ ಸೆಲ್ಫಿ ತೆಗೆದುಕೊಂಡರು, ಅದು ಸಹಜ. ಆದರೆ ಒಳಗೆ ಹೋದ ಮೇಲೆ ಫೋಟೊಗಳ ಮೂಲೆಗಳನ್ನು ನೋಡುತ್ತಾ ನಿಂತರು. ಹೆಸರಿಲ್ಲದೆ ಹಿಂದೆ ನಿಂತವರು ಯಾರು ಅಂತ ಅಲ್ಲಿದ್ದವರನ್ನು ಕೇಳಿದರು.

ವಾಪಸ್ ಬರುವಾಗ ಬಸ್ ನಿಲ್ದಾಣದ ಹತ್ತಿರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆಯ ಮುಂದೆ ಇಳಿಸಿದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧ ವಾಯುನೆಲೆಯ ದಾಳಿಗೆ ಹೋದವರು ಮರಳಲಿಲ್ಲ. ಪೆಟ್ಟು ತಿಂದ ಮಿಸ್ಟೇರ್ ವಿಮಾನದಲ್ಲೇ ತಮಗಿಂತ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿದ್ದರು ಅನ್ನುವುದು ವರ್ಷಗಳ ನಂತರ, ಆ ಕಡೆಯವರ ವಿವರಗಳಿಂದ ಗೊತ್ತಾಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಆ ಕಾಳಗದ ಫೋಟೊ ಇಲ್ಲ. ‘ಫೋಟೊ ಇಲ್ಲದಿದ್ದರೆ ನಡೆದೇ ಇಲ್ಲ ಅಂತಾನಾ?’ ಅಂತ ಕೇಳಿದೆ. ಯುದ್ಧದಿಂದ ವಾಪಸ್ ಬಾರದ ಒಬ್ಬರ ಬಗ್ಗೆ, ಯಾರೂ ತೆಗೆಯದ ಒಂದು ಫೋಟೊವನ್ನು ಮಾತಿನಲ್ಲಿ ಬರೆದು ತರಲು ಹೇಳಿದೆ. ಕ್ಯಾಮೆರಾ ಎಲ್ಲಿ ಇಡಬೇಕು ಅನ್ನುವುದು ಅವರೇ ತೀರ್ಮಾನಿಸಬೇಕು. ತುಂಬ ಜನ ಆಕಾಶದಲ್ಲಿ ಇಟ್ಟರು. ಒಬ್ಬ ಹುಡುಗ ಮಾತ್ರ ಐನ್‌ಮನೆಯ, ಅಂದರೆ ಕೊಡವರ ಮೂಲಮನೆಯ, ಕೈಯಾಲೆ ಜಗಲಿಯಲ್ಲಿ ಇಟ್ಟಿದ್ದ. ಯಾರೋ ಗೇಟಿನ ಕಡೆ ನೋಡುತ್ತಾ ಕೂತಿದ್ದಾರೆ, ಪಕ್ಕದಲ್ಲಿ ಕಾಫಿ ತಣ್ಣಗಾಗಿದೆ, ಅಷ್ಟೇ. ಸಾರಾ ಅಬೂಬಕ್ಕರ್ ಅವರ ‘ಯುದ್ಧ’ ಪಾಠ ಮಾಡುವಾಗ ಮೇಡಂ ಈ ಬರಹವನ್ನು ಮೊದಲು ಓದಿಸಿದರು. ಆ ಕಥೆಯಲ್ಲೂ ರಣರಂಗ ದೂರ ಇದೆ, ಹತ್ತಿರ ಇರುವುದು ಕತ್ತಲು ಕವಿದ ಮನೆ, ಹೆರಿಗೆ ನೋವು.

ವರ್ಷದ ಕೊನೆಯ ಕೆಲಸ, ಮನೆಯ ಗೋಡೆಯಿಂದ ಒಂದು ಫೋಟೊ ತರುವುದು. 1971ರ ಯುದ್ಧದಲ್ಲಿದ್ದ ಅಜ್ಜನ ಫೋಟೊ ತಂದವಳು ಅಜ್ಜಿಯನ್ನು ಮಾತಾಡಿಸಿ ಬರೆದಿದ್ದಳು. ಡಾಕಾದಲ್ಲಿ ಡಿಸೆಂಬರ್ 16ರಂದು ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕುವ, ಪಕ್ಕದಲ್ಲಿ ನಮ್ಮ ಜನರಲ್ ಅರೋರಾ ಕೂತಿರುವ ಫೋಟೊವನ್ನು ನಾವು ಕ್ಲಾಸಿನಲ್ಲಿ ನೋಡಿದ್ದೆವು. ಅಜ್ಜಿಗೆ ಅವತ್ತು ಏನೂ ಗೊತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ಇನ್‌ಲ್ಯಾಂಡ್ ಲೆಟರಿನ ಮೇಲಿನ ವಿಳಾಸ ಮಾತ್ರ, ಕೇರಾಫ್ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಆ ವಿಳಾಸದಿಂದ ಗಂಡ ಯಾವ ಊರಲ್ಲಿದ್ದಾರೆ ಅಂತ ತಿಳಿಯುವುದಿಲ್ಲ. ಕಾಗದ ಬಂದರೆ ಇದ್ದಾರೆ ಅಂತ ಲೆಕ್ಕ.

ಲೈನ್‌ಮನೆಯಿಂದ ಬರುವ ಒಬ್ಬಳು ಏನೂ ತರಲಿಲ್ಲ. ಅವರ ಮನೆಯ ಗೋಡೆಯಲ್ಲಿ ಫೋಟೊ ಇರಲಿಲ್ಲ. ನಾನು ಇದನ್ನು ಮೊದಲೇ ಯೋಚಿಸಿರಲಿಲ್ಲ, ಬೇಸರವಾಯಿತು. ಎರಡು ದಿನ ಬಿಟ್ಟು ಪೇಪರಿನ ಒಂದು ತುಂಡು ತಂದಳು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿಯಲ್ಲಿ ಹೊಳೆದಂಡೆಯ ಮನೆಗಳು ಹೋದವಲ್ಲ, ಆಗಿನದು. ಪರಿಹಾರ ಕೇಂದ್ರದ ಚಾಪೆಯ ಮೇಲೆ ಕೂತ ಹೆಂಗಸು, ಮಡಿಲಲ್ಲಿ ನಿದ್ದೆಹೋದ ಮಗು. ಕೆಳಗೆ ‘ಸಂತ್ರಸ್ತ ಮಹಿಳೆ’ ಅಂತ ಇತ್ತು. ಮಗು ಇವಳ ತಮ್ಮ.

‘ಇದು ಯುದ್ಧ ಅಲ್ಲ ಸರ್, ಆಗುತ್ತಾ?’ ಅಂತ ಕೇಳಿದಳು. ಆಗುತ್ತೆ ಅಂದೆ. ಕ್ಲಾಸಿನವರು ಹತ್ತು ನಿಮಿಷ ಎರಡು ಕಂಬ ತುಂಬಿದರು. ಅಂಚಿನ ಆಚೆ ಯಾರಿದ್ದಾರೆ ಅಂತ ಯಾರೋ ಕೇಳಿದರು. ‘ನಾನು ಇದ್ದೆ’ ಅಂದಳು. ‘ಫೋಟೊದವರು ಸ್ವಲ್ಪ ಪಕ್ಕಕ್ಕೆ ಹೋಗು ಮಗೂ ಅಂದರು. ಅದಕ್ಕೆ ಹೋದೆ.’

ಅಡಿಬರಹವನ್ನು ಅವಳೇ ಮತ್ತೆ ಬರೆದಳು. ಅದರಲ್ಲಿ ಅಮ್ಮನ ಹೆಸರಿದೆ, ತಮ್ಮನ ಹೆಸರಿದೆ, ಹೋದ ಮನೆಯಲ್ಲಿ ಎಷ್ಟು ವರ್ಷ ಇದ್ದರು ಅಂತ ಇದೆ. ಕೊನೆಯ ಸಾಲಿನಲ್ಲಿ, ಬಲಗಡೆ ಫೋಟೊದ ಹೊರಗೆ ಮಗಳು ನಿಂತಿದ್ದಾಳೆ ಅಂತ ಇದೆ. ಅಜ್ಜಂದಿರ ಫೋಟೊಗಳ ಜೊತೆ ಅದನ್ನೂ ಕ್ಲಾಸಿನ ಗೋಡೆಗೆ ಹಾಕಿದ್ದೇವೆ. ಬಲಗಡೆ ಒಂದು ಕೈಯಗಲ ಜಾಗ ಖಾಲಿ ಬಿಟ್ಟಿದ್ದೇವೆ.