ಒಂದು ಗೇಮಿಂಗ್ ಲ್ಯಾಪ್‌ಟಾಪ್ ದುಡ್ಡಿಗೆ ಡೆಸ್ಕ್‌ಟಾಪೂ ಬಂತು, ಲ್ಯಾಪ್‌ಟಾಪೂ ಬಂತು

"ಕರೆಂಟ್ ಹೋದ್ರೆ ಏನ್ ಮಾಡ್ತೀಯ? ಸುಮ್ನೆ ಲ್ಯಾಪ್‌ಟಾಪ್ ತಗೋ" ಅಂದವರೇ ಹೆಚ್ಚು. ಗೇಮಿಂಗ್ ಲ್ಯಾಪ್‌ಟಾಪ್ ಬದಲು ಡೆಸ್ಕ್‌ಟಾಪ್ ಜೋಡಿಸಿ, ಜೊತೆಗೊಂದು ಹಳೇ ಲ್ಯಾಪ್‌ಟಾಪ್ ತಗೊಂಡೆ. ವರ್ಷದ ಮೇಲಾಯ್ತು, ಸೆಟಪ್ ಗಟ್ಟಿಯಾಗಿ ನಿಂತಿದೆ. ಅದಕ್ಕೇ ಈ ಬರಹ.

ಬಜೆಟ್ 95 ಸಾವಿರದ ಆಸುಪಾಸು. ಆ ದುಡ್ಡಿಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ಸಿಗುತ್ತಿತ್ತು. ಆದರೆ ಲ್ಯಾಪ್‌ಟಾಪಿನ 4060ಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ಕೊಡಬೇಕೆಂದು ತಯಾರಕರೇ ನಿರ್ಧರಿಸುತ್ತಾರೆ; ವ್ಯಾಟ್ ಕಮ್ಮಿಯಾದರೆ ವೇಗವೂ ಕಮ್ಮಿ. ಅಂಗಡಿಯವರು ಅದನ್ನು ಬಾಯಿ ಬಿಡಲ್ಲ. ಅದರ ಮೇಲಿನ ಮಾದರಿ 4070ರಲ್ಲಂತೂ ಡೆಸ್ಕ್‌ಟಾಪ್ ಕಾರ್ಡಿಗೆ 12 ಜಿಬಿ ಮೆಮೊರಿ, ಲ್ಯಾಪ್‌ಟಾಪಿಗೆ 8 ಜಿಬಿ.

ನನ್ನ ಲೆಕ್ಕ, ನೆನಪಿನಿಂದ: ರೈಜೆನ್ 5 5600 ಪ್ರೊಸೆಸರ್ ಹತ್ತು ಸಾವಿರ, ಬಿ550 ಮದರ್‌ಬೋರ್ಡ್ ಎಂಟು, 4060 ಕಾರ್ಡ್ ಇಪ್ಪತ್ತೆಂಟು, ಮಾನಿಟರ್ ಹತ್ತು, 550 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ) ನಾಲ್ಕೂವರೆ. ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್, ಕೀಬೋರ್ಡ್, ಯುಪಿಎಸ್ ಸೇರಿ 79 ಸಾವಿರದ ಒಳಗೆ. ರ‍್ಯಾಮ್ ರೇಟು ಏರುವ ಮುಂಚಿನ ಮಾತಿದು. ಬಿ450 ಅಗ್ಗ ಅಂತ ಹೋಗಬೇಡಿ: 4060 ಬೋರ್ಡಿನ ಜೊತೆ ಡೇಟಾ ಸಾಗಿಸೋದು ಬರೀ ಎಂಟು ಲೇನಿನಲ್ಲಿ (ದಾರಿಯಲ್ಲಿ), ಬಿ450ಯಲ್ಲಿ ಆ ಲೇನುಗಳೂ ಪಿಸಿಐಇ ಜೆನ್ 4ರಿಂದ ಅರ್ಧ ವೇಗದ ಜೆನ್ 3ಕ್ಕೆ ಇಳಿಯುತ್ತೆ. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಯಾವ ಹೊತ್ತಿಗೆ ಹೋದರೆ ರೇಟು ಬಗ್ಗುತ್ತೆ ಅನ್ನೋದನ್ನು ಮಾತ್ರ ಹೇಳಲ್ಲ.

ಈಗ ಕರೆಂಟಿನ ವಿಷಯ. ಲ್ಯಾಪ್‌ಟಾಪಲ್ಲೂ ಬ್ಯಾಟರಿ ಮೇಲೆ ಜಿಪಿಯುಗೆ (ಗ್ರಾಫಿಕ್ಸ್ ಚಿಪ್‌ಗೆ) ಪೂರ್ತಿ ಪವರ್ ಸಿಗಲ್ಲ, ಸೆಕೆಂಡಿಗೆ ತೋರುವ ಫ್ರೇಮ್ ಎಷ್ಟೋ ಸಲ ಅರ್ಧಕ್ಕೆ ಬೀಳುತ್ತೆ. ಅಂದರೆ ಕರೆಂಟ್ ಹೋದ ಮೇಲೆ ಎರಡರಲ್ಲೂ ಮೊದಲಿನಂತೆ ಆಡಕ್ಕಾಗಲ್ಲ; ಡೆಸ್ಕ್‌ಟಾಪಿಗೆ ಬೇಕಿರೋದು ಸೇವ್ ಮಾಡುವಷ್ಟು ಟೈಮ್ ಮಾತ್ರ. ಮನೆ ಇನ್ವರ್ಟರ್ ನಾರ್ಮಲ್ ಮೋಡಲ್ಲಿದ್ದಾಗ ಕರೆಂಟ್ ಹೋದಾಗಲೆಲ್ಲ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತಿತ್ತು. ಕರೆಂಟ್ ಇಲ್ಲದೆ ಎಸ್‌ಎಂಪಿಎಸ್ ತಾಳೋದು 16-17 ಮಿಲಿಸೆಕೆಂಡ್. ಆ ಮೋಡಲ್ಲಿ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಬೇಕು. ಇನ್ವರ್ಟರ್ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ಹಾಕಿದರೆ ಎಷ್ಟೋ ಕಡೆ ಅಷ್ಟೇ ಸಾಕಾಗುತ್ತೆ. ಮೊದಲು ಹಾಕಿದ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಕೂಡ ಸೋತಿತು. ಲೇಬಲ್ ಪ್ರಕಾರ 360 ವ್ಯಾಟ್, ನಮ್ಮ ಲೋಡು 250ರ ಹತ್ತಿರ. ಆದರೆ ಒಳಗಿರೋದು ಒಂದೇ 7 ಎಎಚ್ ಬ್ಯಾಟರಿ, ವೋಲ್ಟೇಜ್ ಕುಸಿದು ಎರಡೇ ನಿಮಿಷಕ್ಕೆ ಆಫ್. ಎರಡು ಬ್ಯಾಟರಿಯ 1000 ವಿಎ ಹಾಕಿದ ಮೇಲೆ ಹತ್ತು ನಿಮಿಷ ಆರಾಮ. ಸುಮ್ಮನೆ ಪರೀಕ್ಷೆಗೆ ಕಾರ್ಡಿನ ಪವರ್ ಲಿಮಿಟನ್ನು 115ರಿಂದ 95ಕ್ಕೆ ಇಳಿಸಿದೆ: ಹೋದದ್ದು ನಾಲ್ಕೈದು ಫ್ರೇಮ್, ಫ್ಯಾನ್ ಸದ್ದೇ ಇಲ್ಲ. ಹಾಗೇ ಬಿಟ್ಟಿದ್ದೇನೆ.

ಉಳಿದ 16 ಸಾವಿರಕ್ಕೆ 8ನೇ ಜನರೇಷನ್ ಐ5 ಇರುವ ಸೆಕೆಂಡ್‌ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್. ಕೊಳ್ಳುವಾಗ ಎರಡು ನೋಡಿ: ವಿಂಡೋಸ್ ಬ್ಯಾಟರಿ ರಿಪೋರ್ಟಲ್ಲಿ ಮೂಲ ಸಾಮರ್ಥ್ಯದ ಮುಕ್ಕಾಲಾದರೂ ಉಳಿದಿರಬೇಕು, ಬಯಾಸಿಗೆ ಹಳೇ ಕಂಪನಿಯ ಪಾಸ್‌ವರ್ಡ್ ಇರಬಾರದು, ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ಈ ಹಳೇ ಲ್ಯಾಪ್‌ಟಾಪಲ್ಲೇ ಗೇಮೂ ಆಡ್ತೀನಿ ಅಂದ್ರೆ ಯಾರೂ ನಂಬಲಿಲ್ಲ. ಗೇಮ್ ಓಡೋದು ಡೆಸ್ಕ್‌ಟಾಪಲ್ಲಿ, ಅದರ ಚಿತ್ರ ನೆಟ್‌ವರ್ಕ್ ಮೂಲಕ ಲ್ಯಾಪ್‌ಟಾಪಿಗೆ ಬರುತ್ತೆ. ಅದಕ್ಕೆ ಡೆಸ್ಕ್‌ಟಾಪಲ್ಲಿ ಚಿತ್ರ ಕಳಿಸುವ ಸನ್‌ಶೈನ್ ಆ್ಯಪ್, ಲ್ಯಾಪ್‌ಟಾಪಲ್ಲಿ ಅದನ್ನು ತೋರಿಸುವ ಮೂನ್‌ಲೈಟ್, ಕೋಡೆಕ್ (ವಿಡಿಯೋ ಕುಗ್ಗಿಸುವ ವಿಧಾನ) ಎಚ್‌ಇವಿಸಿ, 1080ಪಿ 60 ಫ್ರೇಮ್, 25 ಎಂಬಿಪಿಎಸ್. ಎರಡೂ ವೈಫೈಯಲ್ಲಿದ್ದರೆ ಚಿತ್ರ ಒಡೆಯುತ್ತೆ. ಡೆಸ್ಕ್‌ಟಾಪಿನಿಂದ ರೌಟರಿಗೆ ಲ್ಯಾನ್ ಕೇಬಲ್ ಎಳೆದು, ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್ ವೈಫೈಯಲ್ಲಿ ಇಡಿ. ಆ ಕೇಬಲ್ ಇದ್ದರೆ ವೇಕ್ ಆನ್ ಲ್ಯಾನ್ (ನೆಟ್‌ವರ್ಕ್ ಮೂಲಕ ಕಂಪ್ಯೂಟರ್ ಎಬ್ಬಿಸೋದು) ಕೂಡ ಕೆಲಸ ಮಾಡುತ್ತೆ, ಡೆಸ್ಕ್‌ಟಾಪ್ ಆನ್ ಮಾಡಲು ಎದ್ದು ಹೋಗಬೇಕಿಲ್ಲ.