ಹಳೇ ಹೆರಾಲ್ಡ್‌ಗೆ ಮರುಜೀವ: ಇದ್ದಂತೆಯೇ ಉಳಿಸೋದಾ, ಒಳಗೆ ಹೊಸದು ತುಂಬೋದಾ?

ತಿಪಟೂರಿನ ಕೊಬ್ಬರಿ ಗೋಡೌನ್ ಹಿಂದೆ ನಮ್ಮ ದೊಡ್ಡಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್ ಹತ್ತೊಂಬತ್ತು ವರ್ಷ ನಿಂತೇ ಇತ್ತು. 1967ರ ಕಾರು. ಎರಡು ಬಾಗಿಲು, ತಿಳಿ ನೀಲಿ ಬಣ್ಣ, ಸೀಟಿನೊಳಗೆ ಇಲಿಗೂಡು. ಅದನ್ನು ತುಮಕೂರಿಗೆ ತಂದ ಸಂಜೆಯೇ ಮನೆಯಲ್ಲಿ ಚರ್ಚೆ ಶುರುವಾಯಿತು. "ಅವರು ಓಡಿಸ್ತಿದ್ದಾಗ ಹೇಗಿತ್ತೋ ಹಾಗೇ ಮಾಡಿಸಪ್ಪ" ಅಂದರು ದೊಡ್ಡಮ್ಮ. "ಮೇಲೆ ಹಳೇದೇ ಇರ್ಲಿ ಅಣ್ಣ, ಒಳಗೆ ಹೊಸ ಎಂಜಿನ್, ಏಸಿ ಎಲ್ಲಾ ಹಾಕ್ಸೋಣ" ಅಂದ ನನ್ನ ತಮ್ಮ.

ಹಳೇ ಸ್ಪೋರ್ಟ್ಸ್ ಕಾರುಗಳ ಲೋಕದಲ್ಲೂ ಈಗ ಇದೇ ಚರ್ಚೆ. ಹೆರಾಲ್ಡ್ ಸ್ಪೋರ್ಟ್ಸ್ ಕಾರಾ ಅಂತ ಕೇಳಬಹುದು. ಅಲ್ಲ, ಆದರೆ ಹತ್ತಿರದ ನೆಂಟ. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಬಂತು. ಅದರ ಆಕಾರ ಬಿಡಿಸಿದ್ದು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಅದೇ ಚಾಸಿಯನ್ನು, ಅಂದರೆ ಬಾಡಿಯ ಕೆಳಗಿನ ಉಕ್ಕಿನ ಚೌಕಟ್ಟನ್ನು, ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ಕಟ್ಟಿದರು. ಅದರದ್ದೇ ಭಾರತದ ರೂಪವಾದ ನಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ತಯಾರಾಯಿತು. 948 ಸಿಸಿ ಎಂಜಿನ್. ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗವೇ ಮುಂದಕ್ಕೆ ಬಾಗುತ್ತದೆ. ಟೈರಿನ ಮೇಲೆ ಕೂತುಕೊಂಡು ಎಂಜಿನ್ ಕೆಲಸ ಮಾಡಬಹುದು.

ನಿಮ್ಮ ಮನೆಯಲ್ಲೂ ಇಂಥ ಕಾರು ಇದ್ದರೆ, ಅಥವಾ ಒಂದನ್ನು ಕೊಳ್ಳುವ ಆಸೆ ಇದ್ದರೆ, ಹೇಗೆ ಮುಂದುವರಿಯಬೇಕು ಅನ್ನೋದನ್ನು ನಾವು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಯಾವುದು ಏನು ಅಂತ ತಿಳಿದುಕೊಳ್ಳಿ

ಜಾವಾ ಬೈಕಿನಿಂದ ಶುರು ಮಾಡಿದರೆ ಸುಲಭ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಬೈಕನ್ನು ಅದೇ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ, ಅದೇ ಕಿಕ್ಕರ್-ಗೇರ್ ಲಿವರ್‌ನಲ್ಲಿ ಮತ್ತೆ ಓಡುವಂತೆ ಮಾಡಿದರೆ ಅದು ರೆಸ್ಟೋರೇಷನ್. 2018ರಲ್ಲಿ ಬಂದ ಹೊಸ ಜಾವಾದಲ್ಲಿ ಆಕಾರ ಹಳೇದು, ಎರಡೂ ಕಡೆ ಸೈಲೆನ್ಸರ್ ಇದೆ. ಒಳಗಿರುವುದು 293 ಸಿಸಿ ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಎಂಜಿನ್. ಅದು ಹೊಸ ಅವತಾರ.

ಕಾರಿನಲ್ಲಿ ಇವೆರಡರ ನಡುವೆ ಇನ್ನೂ ಕೆಲವು ಬಗೆ ಇವೆ. ಕ್ಯಾಲಿಫೋರ್ನಿಯಾದ ಸಿಂಗರ್ ಅನ್ನೋ ಸಂಸ್ಥೆ 1989ರಿಂದ 1994ರವರೆಗಿನ ಪೋರ್ಷೆ 911 ಕಾರನ್ನು ತೆಗೆದುಕೊಂಡು, ಪೂರ್ತಿ ಬಿಚ್ಚಿ, ಕಾರ್ಬನ್ ಫೈಬರ್ ಬಾಡಿ ತೊಡಿಸಿ, ಎಂಜಿನ್ ದೊಡ್ಡದು ಮಾಡಿ ಕೊಡುತ್ತದೆ. ನೋಡಲು ಅದಕ್ಕಿಂತಲೂ ಹಳೇ ಕಾಲದ 911 ಥರ ಇರುತ್ತದೆ. ಇದಕ್ಕೆ ರೆಸ್ಟೋಮಾಡ್ ಅನ್ನುತ್ತಾರೆ. ಮೂಲ ಕಂಪನಿಯ ಒಪ್ಪಿಗೆ ಪಡೆದು ಹಳೇ ಮಾದರಿಯನ್ನೇ ಕಟ್ಟುತ್ತಾ ಬಂದವರೂ ಇದ್ದಾರೆ. 1957ರ ಲೋಟಸ್ ಸೆವೆನ್ ಕಾರಿನ ಹಕ್ಕನ್ನು 1973ರಲ್ಲಿ ಪಡೆದ ಕೇಟರ್‌ಹ್ಯಾಮ್ ಅದನ್ನು ಈಗಲೂ ತಯಾರಿಸುತ್ತಿದೆ.

ಇನ್ನೊಂದು ಬಗೆಯಲ್ಲಿ ಕಂಪನಿಯೇ ತನ್ನ ಹಳೇ ಕಾರನ್ನು ಮತ್ತೆ ಕಟ್ಟುತ್ತದೆ. 1957ರ ಫೆಬ್ರವರಿಯಲ್ಲಿ ಜಾಗ್ವಾರ್ ಕಾರ್ಖಾನೆಗೆ ಬೆಂಕಿ ಬಿದ್ದು 9 ಎಕ್ಸ್‌ಕೆಎಸ್‌ಎಸ್ ಕಾರುಗಳು ಸುಟ್ಟುಹೋದವು. ಆ 9 ಕಾರುಗಳ ಲೆಕ್ಕ ತುಂಬಲು 2016ರಲ್ಲಿ ಜಾಗ್ವಾರ್ ಮತ್ತೆ 9 ಕಾರು ಕಟ್ಟುವುದಾಗಿ ಹೇಳಿತು. ಕೆಲಸ ಅಪರೂಪದ್ದು, ನನಗೆ ಗೌರವ ಇದೆ. ಆದರೂ ಆ ಕಾರಿನ ಸ್ಟೇರಿಂಗನ್ನು 1957ರಲ್ಲಿ ಯಾರೂ ಹಿಡಿದಿರಲಿಲ್ಲ. ದೊಡ್ಡಮ್ಮ ಹೇಳುತ್ತಿದ್ದದ್ದು ಇದನ್ನೇ ಅಂತ ನನಗೆ ಆಮೇಲೆ ಹೊಳೆಯಿತು.

ಹೆಜ್ಜೆ 1: ಕಾರಿನಲ್ಲಿ ಅದರದ್ದೇ ಏನೇನು ಉಳಿದಿದೆ ನೋಡಿ

ಏನು ಮಾಡಿಸಬೇಕು ಅನ್ನೋದು ಇಲ್ಲೇ ಮುಕ್ಕಾಲು ಭಾಗ ತೀರ್ಮಾನ ಆಗಿಬಿಡುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿ ಪುಸ್ತಕಕ್ಕೆ ಹೊಂದುತ್ತವಾ? ಗ್ರಿಲ್, ಬಂಪರ್, ಮೀಟರ್, ಸ್ವಿಚ್, ಗಾಜು, ಬಾಗಿಲ ಹಿಡಿ ಇವೆಯಾ? ಒಂದೊಂದನ್ನೂ ಬರೆದು ಫೋಟೋ ತೆಗೆಯಿರಿ.

ಬಾಡಿ ನೋಡಲು ಮನೆಯ ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ಸಾಕು. ಬಣ್ಣ ಗೀರದಂತೆ ತೆಳು ಬಟ್ಟೆ ಸುತ್ತಿ ಬಾಗಿಲ ಕೆಳಗೆ, ಮಡ್‌ಗಾರ್ಡ್ ಅಂಚಲ್ಲಿ ಸರಿಸಿ. ತಗಡಿದ್ದರೆ ಹಿಡಿಯುತ್ತದೆ. ಪುಟ್ಟಿ ತುಂಬಿದ್ದರೆ ಕೈ ಬಿಟ್ಟ ತಕ್ಷಣ ಜಾರಿ ಬೀಳುತ್ತದೆ. ಹೆರಾಲ್ಡ್‌ಗೆ ಬೇರೆಯೇ ಚಾಸಿ ಇದೆ, ಬಾಡಿಯನ್ನು ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಹಾಗಾಗಿ ಬಾಡಿ ಹಾಳಾದರೆ ಭಯ ಬೇಡ, ಬಿಚ್ಚಿ ಸರಿ ಮಾಡಬಹುದು. ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳು ತುಕ್ಕು ತಿಂದಿದ್ದರೆ ಮಾತ್ರ ಖರ್ಚು ಜಾಸ್ತಿ. ಸ್ಕ್ರೂಡ್ರೈವರ್‌ನಿಂದ ಅಲ್ಲಿ ಚುಚ್ಚಿ ನೋಡಿ. ಒಳಗೆ ಹೋದರೆ ಆ ಭಾಗ ಸತ್ತಿದೆ.

ನನ್ನ ಅಳತೆ ಇಷ್ಟು. ಎಂಜಿನ್, ಚಾಸಿ ಅದರದ್ದೇ ಆಗಿದ್ದು, ಒಳಗಿನ ಸಾಮಾನೂ ಬಹುಪಾಲು ಉಳಿದಿದ್ದರೆ ಆ ಕಾರನ್ನು ಇದ್ದಂತೆಯೇ ಉಳಿಸಿ. ಎಂಜಿನ್ ಇಲ್ಲ, ಒಳಗೆ ಖಾಲಿ, ಬರೀ ಚಿಪ್ಪು ಸಿಕ್ಕಿದೆ ಅಂದರೆ ಹೊಸ ಅವತಾರದ ಯೋಚನೆ ಮಾಡಿದರೆ ತಪ್ಪಿಲ್ಲ. ಐವತ್ತು ವರ್ಷ ಜೋಪಾನವಾಗಿ ಬಂದ ಕಾರನ್ನು ಕತ್ತರಿಸಿ ಹೊಸದು ಮಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹೆಜ್ಜೆ 2: ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಎಂಜಿನ್ ಬದಲಾಯಿಸಲು ಆರ್‌ಟಿಒ ಅನುಮತಿ ಬೇಕೇ ಬೇಕು.

2021ರಿಂದ ವಿಂಟೇಜ್ ನೋಂದಣಿ ಅಂತ ಬೇರೆ ವ್ಯವಸ್ಥೆ ಬಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಬೈಕು, ಕಾರಿಗೆ ಇದು ಸಿಗುತ್ತದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, 10 ವರ್ಷ ಅವಧಿ, ಮುಂದೆ ಮತ್ತೆ ಮಾಡಿಸಲು 5,000 ರೂಪಾಯಿ ಅಂತ ಆ ನಿಯಮದಲ್ಲಿದೆ. ಮೊದಲೇ ನೋಂದಣಿ ಇದ್ದ ಕಾರಿಗೆ ಹಳೇ ನಂಬರೇ ಉಳಿಯುತ್ತದೆ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿಗೆ ಓಡಿಸಬಹುದು. ದಿನದ ಓಡಾಟಕ್ಕೆ, ಬಾಡಿಗೆಗೆ ಇಲ್ಲ. ಮುಖ್ಯವಾದದ್ದು ಇದು: ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಅಂದರೆ ಒಳಗೆ ಹೊಸ ಎಂಜಿನ್ ತುಂಬಿಸಿದ ದಿನವೇ ಈ ಬಾಗಿಲು ಮುಚ್ಚಿತು. ನನ್ನ ತಮ್ಮ ಸುಮ್ಮನಾಗಿದ್ದು ಈ ಸಾಲು ಓದಿದ ಮೇಲೆ.

ತುಮಕೂರು ಕೆಎ-06, ತಿಪಟೂರು ಕೆಎ-44. ನಿಮ್ಮದು ಯಾವ ಕಚೇರಿಗೆ ಬರುತ್ತದೋ ಅಲ್ಲಿ ಹೋಗಿ ಕೇಳಿಕೊಂಡು ಬಂದೇ ಕೆಲಸ ಶುರು ಮಾಡಿ.

ಹೆಜ್ಜೆ 3: ಪೆಟ್ಟಿಗೆ ಇಡಿ

ಇದನ್ನು ನಾವು ನಷ್ಟ ಅನುಭವಿಸಿ ಕಲಿತೆವು. ಮೊದಲು ಕಾರನ್ನು ಬೆಂಗಳೂರಿನ ಒಂದು ವರ್ಕ್‌ಶಾಪಿಗೆ ಕೊಟ್ಟಿದ್ದೆವು. ಎಂಟು ತಿಂಗಳ ಮೇಲೆ ಫಳಫಳ ಹೊಳೆಯುತ್ತಾ ಬಂತು. ಬಾಗಿಲು ತೆಗೆದು ಒಳಗೆ ಕೂತರೆ ಡ್ಯಾಶ್‌ಬೋರ್ಡ್‌ನಲ್ಲಿ ಡಿಜಿಟಲ್ ಮೀಟರ್! ಅದನ್ನು ಕೂರಿಸಲು ಮರದ ಹಲಗೆಯನ್ನು ಕೊರೆದಿದ್ದರು. ಹಳೇ ಸ್ಪೀಡೋಮೀಟರ್ ಎಲ್ಲಿ ಅಂತ ಕೇಳಿದರೆ "ಗುಜರಿಗೆ ಹೋಯ್ತು ಸಾರ್" ಅಂದರು. ದೊಡ್ಡಪ್ಪ ಇಪ್ಪತ್ತು ವರ್ಷಕ್ಕೂ ಜಾಸ್ತಿ ಓಡಿಸಿದ ಅಷ್ಟೂ ದೂರ ಆ ಮೀಟರಿನಲ್ಲಿತ್ತು. ದೊಡ್ಡಮ್ಮನಿಗೆ ಇದನ್ನು ಹೇಗೆ ಹೇಳುವುದು ಅಂತ ಎರಡು ದಿನ ಒದ್ದಾಡಿದೆ. ಶಿವಾಜಿನಗರದ ಗುಜರಿಯಲ್ಲಿ ಹುಡುಕಿದೆವು, ಸಿಗಲಿಲ್ಲ. ಈಗ ಇರುವುದು ಬೇರೊಂದು ಹೆರಾಲ್ಡ್‌ನ ಮೀಟರ್.

ಅದಕ್ಕೇ ಹೇಳುವುದು. ಬಿಚ್ಚಿದ ಒಂದು ನಟ್ಟನ್ನೂ ಎಸೆಯಬೇಡಿ. ಜಿಪ್ ಕವರ್‌ಗೆ ಹಾಕಿ, ಎಲ್ಲಿಯದು ಅಂತ ಚೀಟಿ ಬರೆದು, ಒಂದೇ ಪೆಟ್ಟಿಗೆಯಲ್ಲಿಡಿ. "ತೆಗೆದ ಸಾಮಾನೆಲ್ಲ ವಾಪಸ್ ಕೊಡಬೇಕು, ಕೇಳದೆ ಏನನ್ನೂ ಕತ್ತರಿಸಬಾರದು, ಕೊರೆಯಬಾರದು" ಅಂತ ಗ್ಯಾರೇಜಿನವರಿಂದ ಕಾಗದದಲ್ಲೇ ಬರೆಸಿಕೊಳ್ಳಿ. ಏನೇ ಹೊಸದು ಹಾಕಿಸಿದರೂ, ನಾಳೆ ಅದನ್ನು ಬಿಚ್ಚಿ ಹಳೇದನ್ನು ಅದೇ ತೂತಿಗೆ ಅದೇ ಬೋಲ್ಟ್‌ನಲ್ಲಿ ಕೂರಿಸುವಂತಿರಬೇಕು.

ಹೆಜ್ಜೆ 4: ನಿಂತ ಎಂಜಿನ್ ಎಬ್ಬಿಸುವುದು

ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಮುಂದಿನ ಮಾತು. ಟ್ಯಾಂಕ್ ಇಳಿಸಿ ತೊಳೆಸಿ. ಇಲಿ ಕಡಿದ ವೈರಿಂಗ್ ಅನ್ನು ತೇಪೆ ಹಾಕದೆ ಪೂರ್ತಿ ಹೊಸದು ಮಾಡಿಸಿ.

ಹೆಜ್ಜೆ 5: ಓಡುವುದಕ್ಕಿಂತ ಮೊದಲು ನಿಲ್ಲುವುದು

ಬ್ರೇಕಿನ ರಬ್ಬರ್ ಕಪ್, ವೀಲ್ ಸಿಲಿಂಡರ್, ಹೋಸ್ ಎಲ್ಲ ಹೊಸದಾಗಲಿ. ಇಲ್ಲಿ ಉಳಿತಾಯ ಬೇಡ.

ಇನ್ನು ಹೆರಾಲ್ಡ್ ಇರುವವರು ತಪ್ಪದೆ ನೋಡಬೇಕಾದ ಒಂದು ಜಾಗ ಇದೆ. ಮುಂದಿನ ಚಕ್ರ ಬಿಚ್ಚಿ ಒಳಗೆ ಬಗ್ಗಿ ನೋಡಿ. ಚಕ್ರವನ್ನು ಹಿಡಿದ ಉಕ್ಕಿನ ಕಂಬದ ಕೆಳತುದಿಯಲ್ಲಿ ಬೋಲ್ಟಿನ ಹಾಗೆ ಮರೆ (ಥ್ರೆಡ್) ಇದೆ. ಅದು ಒಂದು ಕಂಚಿನ ತುಂಡಿನೊಳಗೆ ಕೂತಿರುತ್ತದೆ. ಹೆಸರು ಟ್ರನಿಯನ್. ನೀವು ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ಮರೆ ಒಳಗೆ ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು 90 ನಂಬರಿನ ಗೇರ್ ಆಯಿಲ್. ಎಷ್ಟೋ ಜನ ಅಭ್ಯಾಸದಂತೆ ಗ್ರೀಸ್ ಹೊಡೆಯುತ್ತಾರೆ. ಗ್ರೀಸ್ ಗಟ್ಟಿಯಾಗಿ ಕಿರಿದಾದ ಜಾಗಕ್ಕೆ ಇಳಿಯುವುದಿಲ್ಲ, ಒಳಗೆ ನೀರು ಸೇರಿ ತುಕ್ಕು ಹಿಡಿಯುತ್ತದೆ, ಒಂದು ದಿನ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ನಮ್ಮ ಕಾರು ಈಗ ತುಮಕೂರಿನಲ್ಲೇ ಒಬ್ಬ ಹಿರಿಯ ಮೇಸ್ತ್ರಿ ಕೈಯಲ್ಲಿದೆ. ಅವರು ಬಿಚ್ಚಿದಾಗ ಒಳಗಿಂದ ಬಂದದ್ದು ಒಣಗಿದ ಬೆಲ್ಲದಂಥ ಕಂದು ಗ್ರೀಸ್. ಸೀಮೆಎಣ್ಣೆಯಲ್ಲಿ ತೊಳೆದು ಮರೆಯ ಮೇಲೆ ಉಗುರು ಆಡಿಸಿ ನೋಡಿದರು. "ಇದು ಎಣ್ಣೆ ಕುಡಿಯೋ ಜಾಗ ಸಾರ್, ಇಲ್ಲಿಗೆ ಯಾರನ್ನೂ ಗ್ರೀಸ್ ಗನ್ ತರೋಕೆ ಬಿಡ್ಬೇಡಿ" ಅಂದರು. ಬಲಗಡೆಯದ್ದು ಉಳಿಯಿತು. ಎಡಗಡೆಯ ಜೋಡಿ ಹೊಸದು ಹಾಕಿದೆವು. ಸ್ಪಿಟ್‌ಫೈರ್ ಓಡಿಸುವವರು ಇಂಗ್ಲೆಂಡಿನಲ್ಲಿ ಬೇಕಾದಷ್ಟು ಜನ ಇರುವುದರಿಂದ ಇಂಥ ಸಾಮಾನು ಅಲ್ಲಿ ಇಂದಿಗೂ ತಯಾರಾಗುತ್ತದೆ. ತರಿಸಬಹುದು.

ಹೆಜ್ಜೆ 6: ಹೊಸದು ಎಲ್ಲಿರಬೇಕು

ಇದ್ದಂತೆ ಉಳಿಸುವುದು ಅಂದರೆ ಹೊಸದನ್ನು ಮುಟ್ಟಲೇಬಾರದು ಅಂತಲ್ಲ. ಪೆಟ್ರೋಲ್ ಪೈಪ್ ಬದಲಾಯಿಸಲೇಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಅದು ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಎಥೆನಾಲ್ ತಡೆಯುವ ಹೋಸ್ ಹಾಕಿಸಿ, ಪಂಪಿನ ಡಯಾಫ್ರಾಮ್ ನೋಡಿಸಿ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದೊಳಗೆ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಒಳ್ಳೆಯದು. ಹೊರಗೆ ಕಾಣುವುದಿಲ್ಲ, ಪಾಯಿಂಟ್ ಉಜ್ಜುವ ಕೆಲಸ ತಪ್ಪುತ್ತದೆ. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಕಾರಿನ ಬಾಡಿಯ ತಗಡಿಗೆ ಜೋಡಿಸಿರುತ್ತಿದ್ದರು. ನಿಮ್ಮದರಲ್ಲಿ ಹೇಗಿದೆ ನೋಡದೆ ಹಾಕಿದರೆ ಈ ಎಲೆಕ್ಟ್ರಾನಿಕ್ ಇಗ್ನಿಷನ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ರೇಡಿಯಲ್ ಟೈರ್, ಮುಂದಿನ ಎರಡು ಸೀಟಿಗೆ ಬೆಲ್ಟ್, ಇವೆರಡಕ್ಕೂ ನನ್ನ ಪೂರ್ಣ ಒಪ್ಪಿಗೆ.

ಮುಂದಕ್ಕೆ ಸ್ಪಿಟ್‌ಫೈರ್‌ನ ಡಿಸ್ಕ್ ಬ್ರೇಕ್ ಕೂರಿಸುವವರೂ ಇದ್ದಾರೆ. ನಾವು ಡ್ರಮ್ಮಿನಲ್ಲೇ ಉಳಿದೆವು. ಗಂಟೆಗೆ 60 ಕಿ.ಮೀ. ಓಟಕ್ಕೆ ಅದು ಸಾಕು.

ಹೊಸ ಎಂಜಿನ್‌ಗೆ ನಾನು ಬೇಡ ಅನ್ನಲು ಕಾನೂನಿನ ಜೊತೆ ಇನ್ನೊಂದು ಕಾರಣ ಇದೆ. ಹೆರಾಲ್ಡ್‌ನ ಹಿಂದಿನ ಆಕ್ಸಲ್ ಎರಡು ತುಂಡು. ಎರಡೂ ಒಳತುದಿಯಲ್ಲಿ ಬಾಗಿಲ ಕೀಲಿನ ಹಾಗೆ ಆಡುತ್ತವೆ. ತಿರುವಿನಲ್ಲಿ ಜೋರಾಗಿ ನುಗ್ಗಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಕಾರಿನ ಹಿಂಭಾಗ ಬೀಸುತ್ತದೆ. 948 ಸಿಸಿಯಲ್ಲಿ ಆ ವೇಗಕ್ಕೆ ಹೋಗುವುದೇ ಅಪರೂಪ. ಎರಡರಷ್ಟು ಶಕ್ತಿಯ ಎಂಜಿನ್ ಹಾಕಿ ದೇವರಾಯನದುರ್ಗದ ತಿರುವು ಹತ್ತಿದರೆ? ಆಕ್ಸಲ್, ಸ್ಪ್ರಿಂಗ್, ಬ್ರೇಕ್ ಎಲ್ಲ ಬದಲಾಯಿಸಬೇಕಾಗುತ್ತದೆ. ಆಮೇಲೆ ಅದರಲ್ಲಿ ಹೆರಾಲ್ಡ್ ಎಷ್ಟು ಉಳಿಯಿತು, ಹೇಳಿ? ಸಿಂಗರ್‌ನವರು ಪೂರ್ತಿ ಬಿಚ್ಚಿ ಕಟ್ಟುವುದು ಸುಮ್ನೆ ಅಲ್ಲ. ಒಂದನ್ನು ಬದಲಾಯಿಸಿದರೆ ಉಳಿದದ್ದನ್ನೂ ಅದಕ್ಕೆ ತಕ್ಕಂತೆ ಮಾಡಲೇಬೇಕು. ಅರ್ಧಂಬರ್ಧ ರೆಸ್ಟೋಮಾಡ್ ಅಪಾಯ.

ಹೆಜ್ಜೆ 7: ಮೊದಲ ಓಟ

ಮೊದಲ ಸಲವೇ ಹೈವೇ ಹತ್ತಬೇಡಿ. ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬರುವಷ್ಟು ದೂರ ಸಾಕು. ಹೊರಡುವ ಮೊದಲು ಕಾರು ನಿಲ್ಲುವ ಜಾಗದಲ್ಲಿ ಹಳೇ ನ್ಯೂಸ್‌ಪೇಪರ್ ಹಾಸಿಡಿ. ವಾಪಸ್ ಬಂದು ಅದರ ಮೇಲೆ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಬಗ್ಗಿ ನೋಡಿ. ಕಪ್ಪು ಕಲೆ ಎಂಜಿನ್ ಆಯಿಲ್. ಹಸಿರು ಬಣ್ಣ ರೇಡಿಯೇಟರ್ ಕೂಲಂಟ್. ಚಕ್ರದ ಹತ್ತಿರ ಬಣ್ಣವಿಲ್ಲದ ಜಿಡ್ಡು ಕಂಡರೆ ಬ್ರೇಕ್ ಆಯಿಲ್, ಅದು ಸರಿಯಾಗುವವರೆಗೆ ಕಾರು ಕದಲಿಸಬಾರದು.

ನಮ್ಮದರಲ್ಲಿ ಹಿಂದಿನ ಎಡ ಚಕ್ರದ ಕೆಳಗೆ ಎರಡು ಹನಿ ಇತ್ತು. ಮೇಸ್ತ್ರಿ ಬಂದು ಪೈಪಿನ ನಟ್ ಕಾಲು ಸುತ್ತು ಬಿಗಿ ಮಾಡಿ, ಪೆಡಲ್ ಒತ್ತಿ ಹಿಡಿಯಲು ಹೇಳಿ, ಬೆರಳಿಂದ ಒರೆಸಿ ನೋಡಿದರು. ಒಣಗಿತ್ತು. ಮುಂದಿನ ಭಾನುವಾರ ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕೂತು ನಾಮದ ಚಿಲುಮೆವರೆಗೆ ಬಂದರು.